ಹಂಡೆಯೊಳಗಿನ ಕಿವಿ

ಕಳ್ಳನಿಗೆ ತಾನು ಕಳ್ಳನೆಂಬುದು ಗೊತ್ತಿರುತ್ತದೆ. ಗೊರಕೆ ಹೊಡೆಯುವವನಿಗೆ ಮಾತ್ರ ಮಂದಿ ಹೇಳಬೇಕು, ಹೇಳಿದ ಮಂದಿಯನ್ನು ಅವನು ನಂಬುವುದಿಲ್ಲ. ನಾನೂ ನಂಬಿದವನಲ್ಲ. ಘೋಡಗೇರಿಯ ಕನ್ನಡ ಸಾಲೆಯಲ್ಲಿ ಮಾಸ್ತರನಾಗಿ ಮಕ್ಕಳಿಗೆ ದಿನಾ ಸತ್ಯ ನುಡಿಯಲು ಕಲಿಸುತ್ತಿದ್ದ ನಾನು, ಮನೆಯಲ್ಲಿ ಹೆಂಡತಿ ಗಂಗವ್ವ "ನೀವು ಗೊರಕಿ ಹೊಡಿತೀರಿ" ಎಂದಾಗಲೆಲ್ಲ "ಅದು ಎಮ್ಮಿ" ಎಂದುಬಿಡುತ್ತಿದ್ದೆ. ಎಮ್ಮೆ ಪಡಸಾಲೆಯ ಬಾಜೂಕೇ ಕಟ್ಟಿರುತ್ತಿತ್ತು. ಬಡಪಾಯಿ, ಬಾಯಿದ್ದರೂ ತನ್ನ ಪರವಾಗಿ ಒಂದು ಮಾತು ಆಡಲಾರದು. ಹೀಗೆ ಹನ್ನೊಂದು ವರ್ಷ ನನ್ನ ಮಾನವನ್ನು ಅದು ಹೊತ್ತುಕೊಂಡು ತಿರುಗಿತು.

ಆ ವರ್ಷ ಪಂಚಮಿಗೆ ಗಂಗವ್ವನನ್ನು ತವರುಮನೆ ಮೂಡಲಗಿಗೆ ಕರೆದೊಯ್ಯಲು ಅವಳ ತಮ್ಮ ಈರಣ್ಣ ಬಂದ. ಅವನು ಮುಂಬಯಿ ಕಡೆಯ ಸಮುದ್ರದಲ್ಲಿ ಎಣ್ಣೆ ಹುಡುಕುವ ಹಡಗಿನ ಮೇಲೆ ಕೆಲಸಕ್ಕಿದ್ದ. ಪುಣೆಯಲ್ಲಿ ರಿಪೇರಿಯಾದ ಯಂತ್ರಗಳ ಟ್ರಂಕನ್ನು ಹಡಗಿಗೆ ಒಯ್ಯುವ ದಾರಿಯಲ್ಲಿ ಹಬ್ಬಕ್ಕೆಂದು ಇತ್ತ ಹೊರಳಿದ್ದ. ಟ್ರಂಕಿನಿಂದ ಲಟ್ಟಣಿಗೆಯ ಗಾತ್ರದ ಒಂದು ಕರಿಯ ಕೊಳವೆ ತೆಗೆದು, "ಇದು ನೀರಾಗ ಕೇಳೂ ಕಿವಿ, ಮಾಮಾರ" ಎಂದ. ಇಂಥ ಕಿವಿಗಳನ್ನು ಉದ್ದನೆಯ ಪೈಪಿನಲ್ಲಿ ಸಾಲಾಗಿ ಕೂಡಿಸಿ ಹಡಗಿನ ಹಿಂದೆ ಎಳೆಯುತ್ತಾರಂತೆ. ನೀರಿನಲ್ಲಿ ಒಂದು ಮದ್ದು ಹಾರಿಸುತ್ತಾರೆ. ಸಪ್ಪಳ ಸಮುದ್ರದ ತಳ ದಾಟಿ ನೆಲದೊಳಗೆ ಹೋಗಿ, ಕಲ್ಲಿಗೆ ಬಡಿದು ತಿರುಗಿ ಬರುತ್ತದೆ. ಕಿವಿ ಕೇಳುತ್ತದೆ, ಅದಕ್ಕೆ ಕೂಡಿಸಿದ ಪೆಟ್ಟಿಗೆಯ ಮುಳ್ಳು ಕಾಗದದ ಮೇಲೆ ಗೆರೆ ಎಳೆಯುತ್ತದೆ. ಗೆರೆ ನೋಡಿ ಸಾಹೇಬರು ಒಳಗೇನಿದೆ ಎಂದು ಹೇಳುತ್ತಾರೆ. ಇದಕ್ಕೆ ಸರ್ವೇ ಎಂದು ಹೆಸರಂತೆ.

ಇದನ್ನೆಲ್ಲ ಬಾಜೂ ಮನೆಯ ಕಲ್ಲಪ್ಪ ಕಾಕಾ ಕಟ್ಟೆಯ ಮೇಲೆ ಕೂತು ಕೇಳಿದರು. ಘಟಪ್ರಭೆಗಿಂತ ದೊಡ್ಡ ನೀರನ್ನು ಅವರೂ ಕಂಡಿಲ್ಲ, ನಾನೂ ಕಂಡಿಲ್ಲ. ನಾನು ಭೂಗೋಳ ಕಲಿಸುತ್ತೇನೆ ಅಷ್ಟೇ.

"ಸರ್ವೇ ಅಂದಿ. ಸಮುದ್ರದ ಸರ್ವೇ ನಂಬರ ಎಷ್ಟು? ಪಹಣಿ ಉತಾರ ಯಾರ ಹೆಸರಲೆ ಐತಿ?" ಎಂದರು ಕಾಕಾ.

"ಸಮುದ್ರಕ್ಕ ಉತಾರ ಇರಂಗಿಲ್ಲ, ಕಾಕಾ."

"ಉತಾರ ಇಲ್ಲದ ಹೊಲಕ್ಕ ನಿಮ್ಮನ್ನ ಒಳಗ ಬಿಟ್ಟವರ್ಯಾರು?" ಎಂದು ಕಾಕಾ ಗದರಿಸಿದರು.

ಗಂಗವ್ವನಿಗೆ ಮಾತ್ರ ಈ ಯಂತ್ರದ ಉಪಯೋಗ ತಟ್ಟನೆ ಹೊಳೆಯಿತು. "ತಮ್ಮಾ, ಇದು ನಿಮ್ಮ ಮಾಮಾನ ಗೊರಕಿ ಬರಿತೈತೇನು?" ಎಂದಳು. ಈರಣ್ಣ ನಕ್ಕು, "ನೀರ ಬೇಕಕ್ಕಾ, ನೀರಿದ್ರ ಬರಿತೈತಿ" ಎಂದ. ಅವಳು ಪಟ್ಟು ಹಿಡಿದಳು. ಗೆರೆ ನೆಟ್ಟಗಿದ್ದರೆ ಎಂಟೇ ದಿನಕ್ಕೆ ತವರಿನಿಂದ ಬರುವುದು. ಕುಣಿದರೆ ನಾನು ನನ್ನ ಬಾಯಿಂದಲೇ ಒಪ್ಪಿಕೊಳ್ಳಬೇಕು, ಒಪ್ಪುವತನಕ ಅವಳು ಬರುವುದಿಲ್ಲ. ಎಮ್ಮೆಯ ನೆಪ ಬೇಡವೆಂದು ಅದನ್ನು ಕಲ್ಲಪ್ಪ ಕಾಕಾನ ಹಿತ್ತಲಿಗೆ ಅಟ್ಟಿದರು. ತಾಮ್ರದ ಹಂಡೆ ತುಂಬ ನೀರು ತಂದು ನನ್ನ ತಲೆದಿಂಬಿನ ಬಳಿ ಇಟ್ಟು, ಅದರಲ್ಲಿ ಕಿವಿ ಮುಳುಗಿಸಿ ಟ್ರಂಕಿನಲ್ಲಿದ್ದ ಪೆಟ್ಟಿಗೆಗೆ ಕೂಡಿಸಿದರು. ಕಾಗದ ಸುತ್ತುವಾಗ ಕಾಕಾ ಮತ್ತೆ ತಡೆದರು. ನಂಬರಿಲ್ಲದ ಸರ್ವೇ ಸರ್ವೇನೇ ಅಲ್ಲವಂತೆ. ಅವರ ಕಾಟ ತಾಳದೆ, ಕಾಕಾ ಹೇಳಿದ ನಂಬರನ್ನೇ ಈರಣ್ಣ ಮೂಲೆಯಲ್ಲಿ ಬರೆದ. ಅದು ಕಾಕಾನ ಸ್ವಂತ ಹೊಲದ ನಂಬರು. ಆ ಹೊಲದಲ್ಲಿ ಅವರು ಬಾವಿ ತೋಡುತ್ತಿದ್ದರು, ಮೂರಾಳು ಆಳದಲ್ಲಿ ಬಂಡೆ ಸಿಕ್ಕಿ ಮುಂದೆ ತೋಡಬೇಕೋ ಬಿಡಬೇಕೋ ತಿಳಿಯದೆ ಒದ್ದಾಡುತ್ತಿದ್ದರು.

ನಿದ್ದೆಯನ್ನೇ ಮಾಡಬಾರದೆಂದು ನಾನು ನಿಶ್ಚಯಿಸಿದ್ದೆ. ಆದರೆ ಗಂಗವ್ವ ಅವತ್ತು ಬಿಸಿ ಜೋಳದ ರೊಟ್ಟಿ, ಎಣಗಾಯಿ ಪಲ್ಲೆ, ಮೇಲೆ ಎರಡು ತಂಬಿಗೆ ಮಜ್ಜಿಗೆ ಬಡಿಸಿದಳು. ಅಷ್ಟು ಪ್ರೀತಿಯಿಂದ ಯಾಕೆ ಬಡಿಸುತ್ತಿದ್ದಾಳೆಂದು ಆರನೆಯ ರೊಟ್ಟಿಗೆ ಸಂಶಯ ಬಂತು, ಏಳನೆಯದಕ್ಕೆ ಮರೆತುಹೋಯಿತು. ಎದ್ದಾಗ ಕಾಗದದ ತುಂಬ ಗುಡ್ಡಗಳೇ ಗುಡ್ಡಗಳು.

"ಎಮ್ಮಿ ತಿರುಗಿ ಬಂದಿರಬೇಕು" ಎಂದೆ.

"ಎಮ್ಮಿ ನನ್ನ ಕಣ್ಮುಂದನ ಇತ್ರಿ ಮಾಸ್ತರ" ಎಂದರು ಕಾಕಾ.

ನಾನು ಒಪ್ಪಲಿಲ್ಲ. ಗಂಗವ್ವ ಗಂಟು ಕಟ್ಟಿಕೊಂಡು ತಮ್ಮನ ಜೊತೆ ಹೊರಟುಹೋದಳು.

ಪಂಚಮಿ ಮುಗಿಯಿತು, ಗಣಪತಿಯೂ ಬಂದು ಹೋದ. ನಾನು ಬಡಿದ ರೊಟ್ಟಿಗಳು ಭೂಗೋಳದ ನಕಾಶೆಯಲ್ಲಿರುವ ಎಲ್ಲ ದೇಶಗಳ ಆಕಾರಕ್ಕೂ ಬಂದವು, ರೊಟ್ಟಿಯ ಆಕಾರಕ್ಕೆ ಮಾತ್ರ ಬರಲಿಲ್ಲ. ಖರೆ ಹೇಳುತ್ತೇನೆ, ಒಲೆಯ ಮುಂದೆ ಕೂತು ಒಂದೆರಡು ಸಲ ಅತ್ತಿದ್ದೇನೆ. ಹೊಗೆಗೆ ಎಂದು ಆಗ ಹೇಳಿಕೊಂಡೆ. ಆದರೂ "ಹೌದು, ಹೊಡೆಯುತ್ತೇನೆ" ಎಂದು ಒಂದು ಸಾಲು ಬರೆದು ಹಾಕಲು ಕೈ ಬರಲಿಲ್ಲ.

ಅಷ್ಟರಲ್ಲಿ ಈರಣ್ಣನ ಪತ್ರ ಬಂತು. ಊರಿನ ಪತ್ರಗಳನ್ನೆಲ್ಲ ಕಟ್ಟೆಯ ಮೇಲೆ ಗಟ್ಟಿಯಾಗಿ ಓದುವ ರೂಢಿ ನನ್ನದು, ಕಾಕಾ ಎದುರಿಗೇ ಕೂತಿದ್ದರು. ಓದಿದೆ. ಅವನ ಟ್ರಂಕಿನಲ್ಲೇ ಉಳಿದಿದ್ದ ನನ್ನ ಕಾಗದ ಸಮುದ್ರದ ಕಾಗದಗಳ ಕಟ್ಟಿನಲ್ಲಿ ಸೇರಿ ದೊಡ್ಡ ಸಾಹೇಬರ ಮೇಜಿಗೆ ಹೋಯಿತಂತೆ. ಆ ನಂಬರನ್ನು ಅವರು ಸಮುದ್ರದ ನಕಾಶೆಯಲ್ಲೆಲ್ಲ ಹುಡುಕಿ ಸುಸ್ತಾಗಿ, ಕೊನೆಗೆ ಕಾಗದದ ಮೇಲೆ ಹೀಗೆ ಬರೆದರಂತೆ: "ಮೇಲೆ ಗದ್ದಲ ಬಹಳ. ಒಳಗೆ ಏನೂ ಇಲ್ಲ. ಮುಂದೆ ಹೋಗಿ."

ಕಾಕಾನ ಮುಖ ಇಳಿದುಹೋಯಿತು. "ನನ್ನ ನಂಬರಲ್ಲೇನ್ರಿ ಅದು? ಸರಕಾರನ ಇಲ್ಲ ಅಂದಮ್ಯಾಲ ಏನ ತೋಡೂದು. ನಾಳೆ ಮಣ್ಣ ಮುಚ್ಚತೇನಿ" ಎಂದು ಎದ್ದರು. ವರ್ಷವಿಡೀ ಅಪ್ಪ ಮಗ ಸೇರಿ ತೋಡಿದ ಬಾವಿ ಅದು. ಸುಮ್ಮನಿದ್ದರೆ ನನ್ನ ಮಾನ ಉಳಿಯುತ್ತಿತ್ತು. ಹಾಳಾದ್ದು, ಸುಮ್ಮನಿರಲಾಗಲಿಲ್ಲ.

"ಕಾಕಾ, ಕೂಡ್ರಿ. ಅದು ನಿಮ್ಮ ಹೊಲದ ಕಾಗದ ಅಲ್ರಿ. ನನ್ನ ಗೊರಕಿದು. ಖಾಲಿ ಇರೂದು ನನ್ನ ತಲಿ."

"ಎಮ್ಮಿ ಅಂದಿದ್ರೆಲ್ಲಾ?"

"ಎಮ್ಮಿ ಅಲ್ರಿ. ನಾನೇ."

ಕಾಕಾ ಮರುದಿನವೇ ಸಂತೆಯ ನೆಪ ಮಾಡಿ ಮೂಡಲಗಿಗೆ ಹೋಗಿ ಸುದ್ದಿ ಮುಟ್ಟಿಸಿದರು. ಮೊದಲ ಬಸ್ಸಿಗೇ ಗಂಗವ್ವ ಬಂದಳು. ಬಂಡೆ ಒಡೆದ ಎಂಟನೆಯ ದಿನಕ್ಕೆ ಕಾಕಾನ ಬಾವಿಗೂ ನೀರು ಬಿತ್ತು, ಸಿಹಿ ನೀರು. ಊರವರು ಅದಕ್ಕೆ ಗೊರಕಿ ಬಾಂವಿ ಎಂದೇ ಹೆಸರಿಟ್ಟರು. ಹೊಸಬರು ಯಾರಾದರೂ ಹೀಗೇಕೆ ಹೆಸರು ಎಂದು ಕೇಳಿದರೆ ಗಂಗವ್ವ ಕತೆ ಹೇಳುವ ಗೋಜಿಗೇ ಹೋಗುವುದಿಲ್ಲ. "ಮಧ್ಯಾಹ್ನ ಊಟಾದಮ್ಯಾಲ ಒಮ್ಮೆ ನಮ್ಮ ಮನಿ ಕಡೆ ಬರ್ರಿ" ಎನ್ನುತ್ತಾಳೆ.