ಎಂಟು ದಿನದ ಕೂಸಿಗೆ ಮುಕ್ಕಾಲು ಗಂಟೆ ನಡಿಗೆ

ಇಂದ:
ಭಾಗ್ಯಲಕ್ಷ್ಮಿ, ದಾಖಲೆ ಗುಮಾಸ್ತೆ (ಕೋಡಿಂಗ್), ನಮ್ಮ ನರ್ಸಿಂಗ್ ಹೋಮ್, ಹೊಸೂರು

ಗೆ:
ಆಡಳಿತಾಧಿಕಾರಿಗಳು, ಅದೇ ನರ್ಸಿಂಗ್ ಹೋಮ್

ಮೂಲಕ:
ದಾಖಲೆ ಮೇಲ್ವಿಚಾರಕರಾದ ರಾಮಚಂದ್ರಪ್ಪನವರು (ಅರ್ಜಿ ಅವರ ನಿಯಮದ ವಿರುದ್ಧವೇ ಇರುವ ಕಾರಣ ತಡವಾಗಬಹುದು)

ವಿಷಯ: ಜವಳಗಿರಿಯ ಬೈರಮ್ಮನ ಮಗುವಿಗೆ ಬಿದ್ದಿರುವ 250 (ಸಕ್ಕರೆ ಕಾಯಿಲೆ) ಎಂಬ ಕೋಡನ್ನು ತೆಗೆದುಹಾಕುವ ಬಗ್ಗೆ.

ಉಲ್ಲೇಖ: 1. ಮಕ್ಕಳ ಡಾಕ್ಟರ ಚೀಟಿ, ದಿ. 4-8-2006.
2. ಅರ್ಜಿದಾರಳು ಬಾಯಲ್ಲಿ ಮೂರು ಸಲ ಹೇಳಿ, ಮೂರು ಸಲವೂ "ಆಮೇಲೆ ನೋಡೋಣ" ಎಂಬ ಉತ್ತರ ಪಡೆದದ್ದು.

ಮಾನ್ಯರೇ,

1. ಅರ್ಜಿದಾರಳು ಸಂಜೆ ತರಗತಿಯಲ್ಲಿ ಮೂರು ತಿಂಗಳು ಕೋಡಿಂಗ್ ಕಲಿತು ಐವತ್ತೆರಡು ಅಂಕಕ್ಕೆ ಪಾಸಾದವಳು. ಕಾಯಿಲೆಯ ಹೆಸರಿಗೆ ಪುಸ್ತಕ ನೋಡಿ ಅಂಕಿ ಹಾಕುವುದು ಆಕೆಯ ಕೆಲಸ. ಆದ ಕಾರಣ ಕೆಳಗಿನದರಲ್ಲಿ ತಪ್ಪಿದ್ದರೆ ಅದು ಆಕೆಯದೇ ಇರಬಹುದು.

2. ಬೈರಮ್ಮನಿಗೆ ಸಕ್ಕರೆ ಕಾಯಿಲೆ ಇದೆ. ಆಕೆಗೆ 250 ಸರಿ. ಹುಟ್ಟಿದ ಮೂರನೇ ಗಂಟೆಗೆ ಮಗುವಿನ ರಕ್ತದಲ್ಲಿ ಸಕ್ಕರೆ ಇಳಿಯಿತು. ಅಂಥ ತಾಯಂದಿರ ಕೂಸುಗಳಿಗೆ ಹೀಗಾಗುವುದುಂಟು. ಹಾಲೂಡಿಸಿದರು, ಮಾರನೆಯ ದಿನಕ್ಕೆ ಸರಿಹೋಯಿತು. ಡಾಕ್ಟರು "ತಾತ್ಕಾಲಿಕ" ಎಂದು ಬರೆದು ಕೆಳಗೆ ಗೆರೆ ಎಳೆದರು. ಇದಕ್ಕೆ 775.0 (ಸಕ್ಕರೆ ಕಾಯಿಲೆಯ ತಾಯಿಯ ಕೂಸು) ಹಾಕಬೇಕೋ 775.6 (ಕೂಸಿನ ಸಕ್ಕರೆ ಇಳಿತ) ಹಾಕಬೇಕೋ ಎಂದು ಅರ್ಜಿದಾರಳಿಗೆ ಇವತ್ತಿಗೂ ಅನುಮಾನವಿದೆ. 250 ಅಲ್ಲ ಎಂಬುದರಲ್ಲಿ ಇಲ್ಲ.

3. ಆದರೆ ರಾಮಚಂದ್ರಪ್ಪನವರ ನಿಯಮದಂತೆ ನಮ್ಮಲ್ಲಿ ನಾಮಕರಣವಾಗುವವರೆಗೆ ಮಗುವಿಗೆ ಬೇರೆ ಫೈಲಿಲ್ಲ. ತಾಯಿಯ ಫೈಲೇ ಫೈಲು, ತಾಯಿಯ ಕೋಡೇ ಕೋಡು. ಆದ್ದರಿಂದ ಡಿಸ್ಚಾರ್ಜಿನ ದಿನ ಕಂಪ್ಯೂಟರು ಮಗುವಿಗೂ ಒಂದು ಪಥ್ಯದ ಚೀಟಿ ಕೊಟ್ಟಿತು: ಸಿಹಿ ಬಿಡುವುದು, ಆಹಾರ ಮಿತಗೊಳಿಸುವುದು, ದಿನಾ ಮುಂಜಾನೆ ಮುಕ್ಕಾಲು ಗಂಟೆ ಬಿರುಸಾಗಿ ನಡೆಯುವುದು. ಅರ್ಜಿದಾರಳು ಓದಿದಳು, ಸೀಲು ಒತ್ತಿದಳು.

4. ಎರಡು ದಿನ ಬಿಟ್ಟು ಬೈರಮ್ಮನ ಅತ್ತೆ ಸಾಕಮ್ಮ ಸೊಸೆಯ ಮಾತ್ರೆಗೆಂದು ಬಂದಾಗ ವಿಚಾರಿಸಲಾಯಿತು. ಚೀಟಿ ತಮಿಳಿನಲ್ಲಿತ್ತು, ಮಗ ಗಿರಿ ಓದಿ ಹೇಳಿದ್ದ, ಒಂದಕ್ಷರ ಬಿಡದೆ ಪಾಲಿಸಿದ್ದರು. "ಹಾಲು ಸೀಯಲ್ವೇನವ್ವ? ಹೊತ್ತಿಗೊಂದೇ ಕಿತ ಕುಡುಸ್ತಾ ಇವ್ನಿ. ಮಿಕ್ಕಿದ್ಕೆ ಆಗಲಕಾಯಿ ನೀರು. ನಡ್ಸೋದೊಂದು ಆಗ್ಲಿಲ್ಲ ಕಣವ್ವ, ಬೆಳಗಿನ ಜಾವ ಆನೆ ಇರ್ತವೆ."

5. ಅಂದೇ ಮಗುವನ್ನು ತರಿಸಲಾಯಿತು. ಕೈಕಾಲು ನಡುಗುತ್ತಿದ್ದವು, ಸಕ್ಕರೆ ಮತ್ತೆ ಇಳಿದಿತ್ತು. ಡ್ರಿಪ್ಪು ಹಾಕಿ, ಹಾಲು ಕುಡಿಸಿ, ಈಗ ಚೇತರಿಸಿಕೊಂಡಿದೆ. ಎರಡನೇ ದಾಖಲಾತಿಗೂ ಅದೇ ಫೈಲು, ಅದೇ 250. ತೆಗೆಯಿರಿ ಎಂದದ್ದಕ್ಕೆ ರಾಮಚಂದ್ರಪ್ಪನವರು, "ಎರಡು ಸಲ ಬಂದ್ಮೇಲೆ ತಾತ್ಕಾಲಿಕ ಹೆಂಗಾಯ್ತದಮ್ಮ?" ಎಂದರು.

6. ನಾಳೆ ಮಗು ಮನೆಗೆ ಹೋಗುತ್ತದೆ. ಕಂಪ್ಯೂಟರು ಅದೇ ಚೀಟಿ ಕೊಡುತ್ತದೆ. ಪಾಲಿಸಬೇಡಿ ಎಂದು ಹೇಳಿ ನೋಡಲಾಗಿದೆ. ಸಾಕಮ್ಮ ಹಳೆಯ ಚೀಟಿ ಬಿಚ್ಚಿ, ಸೀಲಿನ ಮೇಲೆ ಬೆರಳಿಟ್ಟು, "ನೀನು ಹೇಳೋದು ನಂಬ್ಲಾ, ನೀನು ಒತ್ತಿದ್ದು ನಂಬ್ಲಾ?" ಎಂದು ಕೇಳಿದರು.

ಆದ್ದರಿಂದ, ಮೇಲ್ಕಂಡ ಕಾರಣಗಳಿಗಾಗಿ, 250 ಅನ್ನು ಇಂದೇ ತೆಗೆಸಿಕೊಡಬೇಕಾಗಿ ಕೋರಿಕೆ. ನಿಯಮ ಅಡ್ಡ ಬಂದರೆ, "ಈ ಮಗು ಹಾಲು ಕುಡಿಯಬಹುದು" ಎಂದು ಒಂದು ಸಾಲು ಬರೆದು, ಅರ್ಜಿದಾರಳದ್ದಕ್ಕಿಂತ ದೊಡ್ಡ ಸೀಲು ಒತ್ತಿಕೊಡಬೇಕಾಗಿ ಕೋರಿಕೆ.

ತಮ್ಮ ವಿಶ್ವಾಸಿ, ಒತ್ತಿದ ಕೈಯವಳು,
ಭಾಗ್ಯಲಕ್ಷ್ಮಿ
ಹೊಸೂರು, 12-8-2006

ಅಡಕ: 1. ಪಥ್ಯದ ಚೀಟಿ, ಆಗಲಕಾಯಿ ಕಲೆ ಸಮೇತ.
2. ಡಾಕ್ಟರ ಚೀಟಿ, ಗೆರೆ ಸಮೇತ.
3. ಅರ್ಜಿದಾರಳ ಸೀಲು, ತಮ್ಮ ಉತ್ತರ ಬರುವವರೆಗೆ.

ವಿ.ಸೂ.: ಆನೆಗಳ ವಿಷಯ ತಮ್ಮ ವ್ಯಾಪ್ತಿಗೆ ಬಾರದಿದ್ದಲ್ಲಿ, ಮುಂಜಾನೆಯ ನಡಿಗೆಯನ್ನು ಮಗು ಎದ್ದು ನಿಲ್ಲುವವರೆಗಾದರೂ ಮುಂದೂಡಬೇಕಾಗಿ ಪ್ರಾರ್ಥನೆ.