ತೊಟ್ಟೂ ಸೋರದ ಜಾಕೆಟ್

ನಾನು ನೀರಿನ ಟ್ಯಾಂಕು ತಯಾರಿಸುವ ಕಾರ್ಖಾನೆಯಲ್ಲಿ ಸೋರಿಕೆ ಪರೀಕ್ಷಕ. ಟ್ಯಾಂಕಿಗೆ ನೀರು ತುಂಬಿಸಿ, ಕೆಳಗೆ ಕುಕ್ಕರುಗಾಲಿನಲ್ಲಿ ಕೂತು, ತೊಟ್ಟಿಕ್ಕುತ್ತದೆಯೇ ಎಂದು ನೋಡುವುದು ಹದಿನೆಂಟು ವರ್ಷಗಳಿಂದ ನನ್ನ ಉದ್ಯೋಗ. ನಾನು ಸಹಿ ಹಾಕಿದ ಟ್ಯಾಂಕು ಇಂದಿನವರೆಗೂ ಸೋರಿದ್ದಿಲ್ಲ. ಇಂಥ ನನಗೆ ಮಳೆ ಜಾಕೆಟ್ ಆರಿಸುವುದನ್ನು ಹೇಳಿಕೊಡಲು ಮನೆಯಲ್ಲೇ ಒಬ್ಬಳಿದ್ದಾಳೆ ಎಂಬುದು ನನ್ನ ದುಃಖ.

ಅಂಗಡಿಯವನು ಮೂರು ಜಾಕೆಟ್ ಹರಡಿದ. ಚೀಟಿಗಳ ಮೇಲೆ ಐದು ಸಾವಿರ ಮಿಲಿಮೀಟರ್, ಹತ್ತು ಸಾವಿರ, ಇಪ್ಪತ್ತು ಸಾವಿರ ಎಂದಿತ್ತು.

"ಅಷ್ಟೆತ್ತರ ನೀರು ನಿಂತ್ರೂ ಬಟ್ಟೆ ತಡ್ಕೊಳ್ಳುತ್ತೆ ಸಾರ್. ಸೈಕಲ್‌ನಲ್ಲಿ ಓಡಾಡೋರಿಗೆ ಹತ್ತು ಸಾವಿರದ್ದು ಧಾರಾಳವಾಯ್ತು."

ಇಪ್ಪತ್ತು ಸಾವಿರ ಎಂದರೆ ಇಪ್ಪತ್ತು ಮೀಟರ್! ನಮ್ಮ ಕಾರ್ಖಾನೆಯ ಅತಿ ದೊಡ್ಡ ಟ್ಯಾಂಕಿನ ಎತ್ತರವೇ ಮೂರು ಮೀಟರ್. ನನಗೆ ಮೈ ಜುಮ್ಮೆಂದಿತು. ನಮ್ಮವಳು (ದರ್ಜಿ, ಮನುಷ್ಯರನ್ನು ನೋಡಿದರೆ ಅವಳಿಗೆ ಕಾಣುವುದು ಅಳತೆ ಮಾತ್ರ) ಚೀಟಿಯನ್ನು ಓದಲೇ ಇಲ್ಲ. ಇಪ್ಪತ್ತು ಸಾವಿರದ್ದರ ಕಾಲರಿನೊಳಗೆ ಕೈ ತೂರಿಸಿದಳು.

"ರೀ, ಈ ಕತ್ತಲ್ಲಿ ಇಬ್ಬರ ತಲೆ ಹಿಡಿಯುತ್ತೆ. ಹತ್ತು ಸಾವಿರದ್ದು ನಿಮಗೆ ಸರಿಯಾಗಿ ಕೂರುತ್ತೆ, ಅದನ್ನ ತಗೊಳ್ಳಿ. ಟೋಪಿ ಬೇರೆಯಾಗಿ ಮಾರ್ತಾರಂತೆ, ಅದೂ ಇರ್ಲಿ."

"ಸೋರಿಕೆ ಇರೋದು ತಳದಲ್ಲಿ ಕಣೇ, ಮುಚ್ಚಳದಲ್ಲಲ್ಲ."

ಇಪ್ಪತ್ತು ಸಾವಿರದ್ದೇ ಮನೆಗೆ ಬಂತು, ಟೋಪಿಯಿಲ್ಲದೆ. ಅಂದೇ ಸಂಜೆ ಶಾಸ್ತ್ರೋಕ್ತವಾಗಿ ಪರೀಕ್ಷೆ ನಡೆಸಿದೆ. ಜಿಪ್ ಎಳೆದು, ತೋಳುಗಳಿಗೆ ಗಂಟು ಹಾಕಿ, ಸೊಂಟಕ್ಕೆ ಹಗ್ಗ ಬಿಗಿದು, ಬಚ್ಚಲಿನ ಗೂಟಕ್ಕೆ ನೇತುಹಾಕಿ, ಕತ್ತಿನಿಂದ ಎರಡು ಬಕೆಟ್ ನೀರು ಸುರಿದೆ. ಕೆಳಗೆ ಒಂದು ಗಂಟೆ ಕೂತೆ. ಒಂದು ತೊಟ್ಟಿಲ್ಲ! ಕಾರ್ಖಾನೆಯ ಪದ್ಧತಿಯಂತೆ 'ಪರೀಕ್ಷಿಸಲಾಗಿದೆ, ಸೋರುವುದಿಲ್ಲ' ಎಂದು ಬರೆದು, ಸಹಿ ಹಾಕಿ, ಚೀಟಿಯನ್ನು ಕಾಲರಿಗೆ ಕಟ್ಟಿದೆ.

"ಮಳೆ ಹೊರಗಡೆಯಿಂದ ಬರುತ್ತಲ್ವಾ?" ಎಂದಳು.

"ಬಟ್ಟೆಗೆ ಒಳಗೂ ಒಂದೇ, ಹೊರಗೂ ಒಂದೇ." ಅವಳು ಹೊಲಿಗೆ ಯಂತ್ರದ ಕಡೆ ಹೋದಳು. ನಾನು ಗೆದ್ದೆ ಎಂದುಕೊಂಡೆ.

ಮರುದಿನ ಅವಳ ಪಾಲಿಗೆ ದೊಡ್ಡ ದಿನ. ಮುನ್ನೂರು ಮಕ್ಕಳ ಶಾಲೆಯೊಂದು ಸಮವಸ್ತ್ರದ ಮಾದರಿ ಕೇಳಿತ್ತು. ಒಪ್ಪಿಗೆಯಾದರೆ ಅವಳ ಹೊಲಿಗೆ ಯಂತ್ರ ಅಡುಗೆಮನೆಯ ಮೂಲೆ ಬಿಟ್ಟು ಸ್ವಂತ ಅಂಗಡಿಗೆ ಹೋಗುತ್ತಿತ್ತು. ಹತ್ತು ದಿನ ಕೂತು ಹೊಲಿದಿದ್ದಳು. ಬೆಳಗ್ಗೆ ನೋಡಿದರೆ ಆಕಾಶವೇ ತೂತು ಬಿದ್ದಂಥ ಮಳೆ. ಅವಳ ಬಳಿ ಅಳತೆ ಕೊಡಲು ಬರುವವರಿದ್ದರು. ಶಾಲೆ ನನ್ನ ದಾರಿಯಲ್ಲೇ ಇತ್ತು, ಮಾದರಿ ಒಯ್ಯುವ ಕೆಲಸ ನನಗೆ ಬಂತು.

"ಆಟೋದಲ್ಲಿ ಹೋಗ್ರಿ, ಕೈ ಮುಗೀತೀನಿ."

"ಇಪ್ಪತ್ತು ಮೀಟರ್ ಕಣೇ! ಎದೆಗವಚಿಕೊಂಡು ಒಯ್ತೀನಿ, ಕೊಡು."

ಅವಳು ನನ್ನನ್ನೊಮ್ಮೆ, ಜಾಕೆಟಿನ ಕತ್ತನ್ನೊಮ್ಮೆ ನೋಡಿ ಒಳಗೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ಪತ್ರಿಕೆಯಲ್ಲಿ ಸುತ್ತಿದ ಪೊಟ್ಟಣ ತಂದುಕೊಟ್ಟಳು. ಅದನ್ನು ಜಾಕೆಟಿನೊಳಗೆ ಇಟ್ಟು, ಸೊಂಟದ ದಾರವನ್ನು ಉಸಿರುಗಟ್ಟುವಷ್ಟು ಬಿಗಿದು ಸೈಕಲ್ ಹತ್ತಿದೆ.

ಮೊದಲ ತಿರುವಿನಲ್ಲಿ ಬೆನ್ನು ತಣ್ಣಗಾಯಿತು. ಎರಡನೆಯದರಲ್ಲಿ ಹೊಟ್ಟೆಯ ಸುತ್ತ ಏನೋ ತುಳುಕಿತು. ತಲೆಯ ಮೇಲೆ ಬಿದ್ದ ನೀರೆಲ್ಲ ಕತ್ತಿನಿಂದ ಒಳಗಿಳಿಯುತ್ತಿತ್ತು. ಇಳಿದದ್ದು ಎಲ್ಲೂ ಸೋರುತ್ತಿರಲಿಲ್ಲ. ನನ್ನ ಪರೀಕ್ಷೆಯಲ್ಲಿ ಲವಲೇಶವೂ ತಪ್ಪಿರಲಿಲ್ಲ. ಪೊಟ್ಟಣದ ನೆನಪಾಗಿ ಮಾತ್ರ ಪೆಡಲನ್ನು ಜೋರಾಗಿ ತುಳಿದೆ.

ಮುಖ್ಯೋಪಾಧ್ಯಾಯಿನಿಯವರ ಕೋಣೆಯಲ್ಲಿ ದಾರ ಸಡಿಲಿಸಿದೆ. ದಬದಬನೆ ಸುರಿದ ನೀರು ಹಾಜರಿ ಪುಸ್ತಕದ ಕಪಾಟಿನವರೆಗೆ ಹರಿಯಿತು. ಪತ್ರಿಕೆ ಅಂಬಲಿಯಾಗಿ ಕೈಗೆ ಬಂತು. ಅವಳ ಅಂಗಡಿ ನನ್ನ ಕೈಯಾರೆ ಮುಳುಗಿತು ಎಂದು ನಿಜವಾಗಿಯೂ ಅಳು ಬಂತು.

ಆದರೆ ಪತ್ರಿಕೆಯ ಕೆಳಗೆ ಪ್ಲಾಸ್ಟಿಕ್ ಹಾಳೆಯಿತ್ತು. ಅಂಚುಗಳನ್ನು ಇಸ್ತ್ರಿಪೆಟ್ಟಿಗೆಯಿಂದ ಅಂಟಿಸಲಾಗಿತ್ತು. ಒಳಗೆ ಇಸ್ತ್ರಿಯ ಗೆರೆಯೂ ಮುರಿಯದ ಸಮವಸ್ತ್ರ, ಅದರ ಮೇಲೊಂದು ಟವೆಲ್, ಟವೆಲಿಗೆ ಪಿನ್ನು ಹಾಕಿದ ಚೀಟಿ. ಮುಖ್ಯೋಪಾಧ್ಯಾಯಿನಿ ಗಟ್ಟಿಯಾಗಿ ಓದಿದರು: "ಮೇಡಂ, ಇದನ್ನು ತಂದವರು ಒದ್ದೆಯಾಗಿರುತ್ತಾರೆ. ದಯವಿಟ್ಟು ಮೊದಲು ಈ ಟವೆಲ್ ಅವರಿಗೆ ಕೊಡಿ."

ಒಪ್ಪಿಗೆ ಅಲ್ಲೇ ಸಿಕ್ಕಿತು. ಈಗ ಅವಳಿಗೆ ಬೀದಿಗೆ ಮುಖ ಮಾಡಿದ ಅಂಗಡಿಯಿದೆ. ಹೊಲಿಯುವ ಮೊದಲು ಬಟ್ಟೆ ನೆನೆಸಲು ಬಾಗಿಲ ಹಿಂದೆ ನನ್ನ ಜಾಕೆಟನ್ನೇ ತೋಳಿಗೆ ಗಂಟು ಹಾಕಿ ನೇತುಹಾಕಿದ್ದಾಳೆ, ಎರಡು ಬಕೆಟ್ ನೀರು ಹಿಡಿಯುತ್ತದೆ. ನನ್ನ ಸಹಿಯ ಚೀಟಿಯನ್ನು ಬಿಚ್ಚಿಲ್ಲ. ಬಂದವರಿಗೆಲ್ಲ ತೋರಿಸುತ್ತಾಳೆ.