‘ಆದರ್ಶ ದೇಹ’ ಪ್ರಶಸ್ತಿಪತ್ರ ವಾಪಸು ಪಡೆಯುವ ಬಗ್ಗೆ

ಇಂದ,
ತೂಕದ ಗುಮಾಸ್ತ, ಎರಡನೇ ಗೋದಾಮು
(ಸದ್ಯ ಮನೆಯ ಹಿಂದಿನ ಕೋಣೆ, ಕಿಟಕಿ ತೆರೆದದ್ದು)

ಗೆ,
ಅಧ್ಯಕ್ಷರು, ನೌಕರರ ಆರೋಗ್ಯ ಸಮಿತಿ

ವಿಷಯ: ನನ್ನ ಪ್ರಶಸ್ತಿಪತ್ರವನ್ನು ಹಿಂಪಡೆದು, ಕ್ಯಾಂಟೀನಿನ ಗೋಡೆಯಲ್ಲಿ ‘ಇವರಂತಾಗಿ’ ಎಂಬ ಬರಹದ ಕೆಳಗಿರುವ ನನ್ನ ಫೋಟೊ ಇಳಿಸುವ ಕುರಿತು.

ಉಲ್ಲೇಖ: ೧) ತಮ್ಮ ಅಭಿನಂದನಾ ಪತ್ರ. ೨) ಕ್ಷಯರೋಗ ವಿಭಾಗದ ವರದಿ.

ಮಾನ್ಯರೇ,

ಕೆಮ್ಮು ಬಂದಾಗಲೆಲ್ಲ ಪೆನ್ನು ಕೆಳಗಿಟ್ಟು ಅರಿಕೆ ಮಾಡಿಕೊಳ್ಳುವುದೇನೆಂದರೆ:

೧. ಕಳೆದ ತಪಾಸಣೆಯಲ್ಲಿ ನನ್ನ ಕೊಲೆಸ್ಟರಾಲ್ ಇಡೀ ಗೋದಾಮಿಗೇ ಕಡಿಮೆ ಬಂದ ಕಾರಣ, ತೂಕವೂ ಒಂಬತ್ತು ಕಿಲೊ ಇಳಿದಿದ್ದ ಕಾರಣ, ತಾವು ಚಪ್ಪಾಳೆ ತಟ್ಟಿಸಿದಿರಿ. ಗುಟ್ಟೇನೆಂದು ಕೇಳಿದಿರಿ. ನಾನು ‘ಮನೋಬಲ’ ಎಂದೆ. ಮೂಟೆಯಲ್ಲಿ ನೂರು ಗ್ರಾಂ ಕಡಿಮೆಯಾದರೂ ಹಿಡಿಯುವ ನಾನು ನನ್ನ ಒಂಬತ್ತು ಕಿಲೊ ಎಲ್ಲಿ ಹೋಯಿತೆಂದು ವಿಚಾರಿಸಲೇ ಇಲ್ಲ. ಈಗ ನಾಚಿಕೆಯಾಗುತ್ತಿದೆ.

೨. ವೈದ್ಯೆ ಹೇಳಿದ್ದು: “ಕೊಬ್ಬು ನೀವು ಕರಗಿಸಿದ್ದಲ್ಲ ಕಣ್ರೀ, ಕ್ಷಯದ ಕ್ರಿಮಿಗೆ ಅದೇ ಊಟ. ಆ ಕ್ರಿಮಿನ ಸುಡೋಕೆ ನಿಮ್ಮ ಮೈ ಹುಟ್ಟಿಸೋ ಆಮ್ಲಜನಕದ ಕಿಡಿಗಳು ಉಳಿದ ಕೊಬ್ಬನ್ನೂ ಕೆಡಿಸ್ತವೆ, ಕಬ್ಬಿಣಕ್ಕೆ ತುಕ್ಕು ಹಿಡಿದ ಹಾಗೆ.”
“ಹಾಗಾದ್ರೆ ಬಹುಮಾನ ಆ ಕ್ರಿಮಿಗೇ ಕೊಡಬೇಕಿತ್ತು” ಎಂದಳು ನನ್ನ ಹೆಂಡತಿ. ಸದರಿ ಅಭಿಪ್ರಾಯಕ್ಕೆ ನನ್ನ ಆಕ್ಷೇಪಣೆ ಇರುವುದಿಲ್ಲ.

೩. ಎಲ್ಲರೂ ಡ್ರಮ್ಮು ಎಂದು ಕರೆಯುವ ನಮ್ಮ ಹಮಾಲಿ ನನ್ನ ಫೋಟೊ ನೋಡಿ ನೋಡಿ ಈ ಸಲ ತಾನೇ ಗೆಲ್ಲಬೇಕೆಂದು ಹಟ ಹಿಡಿದಿದ್ದಾನೆ. ನಾನು ಕೆಮ್ಮುತ್ತಾ ತೂಗುವಾಗ ಚೀಟಿ ಹಿಡಿದು ಪಕ್ಕದಲ್ಲೇ ನಿಲ್ಲುತ್ತಿದ್ದವನು ಅವನೇ. ತಿಂಗಳಿಂದ ಅವನಿಗೂ ಕೆಮ್ಮು. ನಿನ್ನೆ ಫೋನಿನಲ್ಲಿ, “ಅಣ್ಣಾ, ಬೆಲ್ಟಿಗೆ ಮೂರು ತೂತು ಹೊಸದಾಗಿ ಹೊಡೆಸಿದೀನಿ!” ಎಂದ.
“ಮೊದಲು ಹೋಗಿ ಕಫ ಪರೀಕ್ಷೆ ಮಾಡಿಸೋ, ಮಾರಾಯ.”
“ಬಹುಮಾನ ಆಗ್ಲಿ ತಡಿ. ಈಗ ಮಾತ್ರೆ ನುಂಗಿ ತೂಕ ಏರಿಬಿಟ್ರೆ ಯಾರು ಹೊಣೆ?”

೪. ಅವನಿಗೆ ಎರಡು ವರ್ಷದ ಮಗಳಿದ್ದಾಳೆ. ಅವನ ಹೆಗಲ ಮೇಲಲ್ಲದೆ ಬೇರೆಲ್ಲೂ ಮಲಗುವುದಿಲ್ಲ. ಆದ್ದರಿಂದ ನನಗೆ ಭಯವಾಗಿದೆ; ಇದನ್ನು ಸರ್ಕಾರಿ ಭಾಷೆಯಲ್ಲಿ ಹೇಗೆ ಬರೆಯಬೇಕೋ ತಿಳಿಯದು.

ಕಾರಣ, ಈ ವರ್ಷದ ಪ್ರಶಸ್ತಿಯನ್ನು ಯಾವ ಸ್ಪರ್ಧೆಯೂ ಇಲ್ಲದೆ ನಾಳೆ ಬೆಳಿಗ್ಗೆಯೇ ಡ್ರಮ್ಮುವಿಗೆ ಕೊಟ್ಟು, ಅದೇ ಕೈಯಲ್ಲಿ ಇದರೊಂದಿಗಿರುವ ಡಬ್ಬಿಯನ್ನೂ ಕೊಡಬೇಕಾಗಿ ಪ್ರಾರ್ಥನೆ.

ತಮ್ಮ ವಿಶ್ವಾಸಿ,
ಮಾಜಿ ಆದರ್ಶ ದೇಹಿ
(ಮಾತ್ರೆ ಶುರುವಾದ ಮೇಲೆ ಏರಿಕೆ: ಅರ್ಧ ಕಿಲೊ)

ಲಗತ್ತುಗಳು:
೧) ಪ್ರಶಸ್ತಿಪತ್ರ, ಚೌಕಟ್ಟು ಸಮೇತ. ನನ್ನ ಹೆಸರು ಅಳಿಸಿದೆ, ಮರುಬಳಕೆ ಮಾಡಬಹುದು.
೨) ವೈದ್ಯಕೀಯ ವರದಿ.
೩) ಕಫದ ಡಬ್ಬಿ ಒಂದು, ಖಾಲಿ, ಡ್ರಮ್ಮುವಿನ ಹೆಸರು ಬರೆದದ್ದು.

ವಿ.ಸೂ.: ಚಪ್ಪಾಳೆ ನನಗೆ ತಟ್ಟಿದಷ್ಟೇ ಜೋರಾಗಿರಲಿ. ಇಲ್ಲದಿದ್ದರೆ ಅವನು ನಂಬುವುದಿಲ್ಲ.